ಕಿವಿಗೆ ಸಿಗದ ಬಿರುಕು

ಕಳೆದ ವಾರ ಮೊಣಕಾಲು ತೋರಿಸಲಿಕ್ಕೆಂದು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದೆ. ಹಿಂಬದಿಯ ಗೇಟಿನ ಹತ್ತಿರ ಒಂದು ಲಾರಿಯಿಂದ ಆಕ್ಸಿಜನ್ ಸಿಲಿಂಡರುಗಳನ್ನು ಇಳಿಸುತ್ತಿದ್ದರು. ಇಳಿಸುತ್ತಿದ್ದರು ಎನ್ನುವುದಕ್ಕಿಂತ ಎತ್ತಿ ಹಾಕುತ್ತಿದ್ದರು ಎನ್ನಬೇಕು. ಒಂದಕ್ಕೊಂದು ತಾಗಿದಾಗ ಗಂಟೆ ಬಾರಿಸಿದಂತೆ ಠಣ್ಣೆಂದು ಶಬ್ದವಾಗಿ, ಸುಮಾರು ಹೊತ್ತು ಕಿವಿಯಲ್ಲಿ ಉಳಿಯುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಈ ವಯಸ್ಸಿನಲ್ಲೂ ಅಲ್ಲಿಂದ ಇಳಿದಿಲ್ಲ. "ಮೆಲ್ಲಗೆ ಇಳಿಸು ಮಾರಾಯ, ಅದೆಂತ ತೆಂಗಿನಕಾಯಿಯಾ?" ಎಂದು ಗದರಿದೆ. ಲಾರಿಯ ಮೇಲಿದ್ದವನು ನಕ್ಕ. "ಇದು ಕಬ್ಬಿಣ ಅಜ್ಜ, ಎಂತ ಆಗುವುದಿಲ್ಲ."

ಎಂತ ಆಗುವುದಿಲ್ಲವಂತೆ! ಒಂದು ಪಾಠ ಮಾಡಿಯೇ ಬಿಡುತ್ತೇನೆಂದು ಬಾಯಿ ತೆರೆದೆ. ಅಷ್ಟರಲ್ಲಿ ಆ ಶಬ್ದ ನನ್ನನ್ನು ಕಾಪುವಿಗೆ, ಪೊರ್ಬುಗಳ ಜಗಲಿಗೆ ಕರೆದುಕೊಂಡು ಹೋಗಿತ್ತು...

ನಮ್ಮ ಕಡೆ ತುಳು ಮಾತಾಡುವವರು ಕ್ರೈಸ್ತ ಗಂಡಸರನ್ನು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ, ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ. ಕಾಪುವಿನಲ್ಲಿ ಬೇರೆ ಪೊರ್ಬುಗಳೂ ಇದ್ದರು. ಆದರೆ ನಮ್ಮ ಮನೆಯಲ್ಲಿ ಬರೀ 'ಪೊರ್ಬುಗಳು' ಎಂದರೆ ನಮ್ಮ ಪಾಗಾರದ ಗೋಡೆಯ ಆಚೆ ಬದಿಯವರು ಒಬ್ಬರೇ. ಬೊಂಬಾಯಿಯಲ್ಲಿ ಬಹಳ ಕಾಲ ಕೆಲಸ ಮಾಡಿ, ಐವತ್ತರ ದಶಕದ ನಡುವೆ ಒಂದು ಟ್ರಂಕು ಹಿಡಿದುಕೊಂಡು ಊರಿಗೆ ಬಂದವರು. ಹೆಂಡತಿ ಬಹಳ ಮೊದಲೇ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಗಂಜಿ ತಾವೇ ಬೇಯಿಸಿಕೊಳ್ಳುತ್ತಿದ್ದರು, ಒಣಮೀನು ತಾವೇ ಸುಟ್ಟುಕೊಳ್ಳುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಕ್ರೈಸ್ತರ ಮನೆಗಳಲ್ಲಿ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡುತ್ತಾರಲ್ಲ, ಅದರಲ್ಲಿ ಒಬ್ಬರು ಅರ್ಧ ಹೇಳಿದರೆ ಉಳಿದವರು ಒಟ್ಟಾಗಿ ಇನ್ನರ್ಧ ಹೇಳುವುದು ಕ್ರಮ. ಪೊರ್ಬುಗಳು ಎರಡೂ ಅರ್ಧವನ್ನು ತಾವೇ ಹೇಳುತ್ತಿದ್ದರು. ಮೊದಲರ್ಧ ಗಟ್ಟಿಯಾಗಿ, ಉಳಿದದ್ದು ಮೆಲ್ಲಗೆ. ಅದು ಕೇಳಿಸಿದಾಗಲೆಲ್ಲ ನನ್ನ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಕ್ಷಣ ನಿಲ್ಲುತ್ತಿದ್ದರು.

ಪೊರ್ಬುಗಳಿಗೆ ಒಂದು ಚಾಳಿ ಇತ್ತು. ಯಾವ ಲೋಹದ ವಸ್ತು ಕಂಡರೂ ಬೆರಳ ಗೆಣ್ಣಿನಿಂದ ಬಡಿದು, ತಲೆ ಓರೆ ಮಾಡಿ ಕೇಳುವುದು. ಬಾವಿಯ ಕೊಡಪಾನ, ಬಸ್ಸಿನ ಕಂಬಿ, ನಮ್ಮ ಬಚ್ಚಲಿನ ಹಂಡೆ ಯಾವುದನ್ನೂ ಬಿಟ್ಟವರಲ್ಲ. ಅಮ್ಮ ಉಡುಪಿಯ ಪಾತ್ರೆ ಅಂಗಡಿಗೆ ಹೋಗುವಾಗ ಅವರನ್ನು ಕರೆದುಕೊಂಡೇ ಹೋಗುತ್ತಿದ್ದರು. ಅವರು ಒಂದೊಂದನ್ನೇ ಬಡಿದು "ಇದು ಬೇಡ... ಇದೂ ಬೇಡ" ಎನ್ನುತ್ತಿದ್ದರೆ ಅಂಗಡಿಯವನ ಮುಖ ಹುಳಿ ತಿಂದ ಹಾಗಾಗುತ್ತಿತ್ತು. ಅವರು ಆರಿಸಿಕೊಟ್ಟ ಹಂಡೆ ಎಷ್ಟೋ ವರ್ಷ ಸೋರಲಿಲ್ಲ. "ಪುಣ್ಯಕ್ಕೆ ಪೊರ್ಬುಗಳು ಎರಡನೇ ಮದುವೆ ಆಗಲಿಲ್ಲ, ಹೆಣ್ಣನ್ನೂ ಬಡಿದು ನೋಡುತ್ತಿದ್ದರೋ ಏನೋ" ಎಂದು ಅಪ್ಪ ತಮಾಷೆ ಮಾಡಿದರೆ ಅವರೂ ನಗುತ್ತಿದ್ದರು. ಆದರೆ ಯಾರಾದರೂ "ನಿಮ್ಮ ಕಿವಿ ಭಾರಿ ಚುರುಕು" ಎಂದು ಹೊಗಳಿದರೆ ನಗು ಆರಿಹೋಗುತ್ತಿತ್ತು. "ಅದೆಲ್ಲ ಎಂತದೂ ಇಲ್ಲ" ಎಂದು ಎದ್ದುಬಿಡುತ್ತಿದ್ದರು.

ಆ ನಗು ಯಾಕೆ ಆರುತ್ತಿತ್ತು ಎಂದು ನನಗೆ ತಿಳಿದದ್ದು ಅರವತ್ತರ ದಶಕದಲ್ಲಿ. ಆಗ ನಾನು ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಉಕ್ಕು, ಹಿತ್ತಾಳೆ ಮುಂತಾದವುಗಳ ಶಕ್ತಿ ಪರೀಕ್ಷಿಸುವ ವಿಭಾಗ. ಕೆಲಸ ಹೊಸತು, ಕೊಂಬು ಇನ್ನೂ ಹೊಸತು. ಕಬ್ಬಿಣದ ಸರಳನ್ನು ಎರಡೂ ತುದಿ ಹಿಡಿದು ಎಳೆದು ತುಂಡು ಮಾಡುವ ದೊಡ್ಡ ಯಂತ್ರವೊಂದು ನಮ್ಮಲ್ಲಿತ್ತು. ಊರಿನಲ್ಲಿ ಅದರ ಬಗ್ಗೆ ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ಒಂದು ಶನಿವಾರ ಪೊರ್ಬುಗಳನ್ನು ಬಸ್ಸು ಹತ್ತಿಸಿ, ಉಡುಪಿಯಲ್ಲಿ ಇಳಿಸಿ, ಇನ್ನೊಂದು ಬಸ್ಸು ಹತ್ತಿಸಿ ಮಣಿಪಾಲದ ಗುಡ್ಡಕ್ಕೆ ಕರೆದುಕೊಂಡು ಹೋದೆ.

ಯಂತ್ರ ಎಳೆಯತೊಡಗಿತು. ಒಳ್ಳೆಯ ಉಕ್ಕು ಒಮ್ಮೆಲೇ ತುಂಡಾಗುವುದಿಲ್ಲ. ಮೊದಲು ಉದ್ದವಾಗುತ್ತದೆ, ನಡುವೆ ಒಂದು ಕಡೆ ತೆಳ್ಳಗಾಗುತ್ತದೆ, ಇನ್ನು ನನ್ನಿಂದ ಆಗದು ಎಂದು ಕಣ್ಣಿಗೆ ಕಾಣುವಂತೆ ತೋರಿಸಿ ಆಮೇಲೆ ಕಡಿಯುತ್ತದೆ. ಸರಳು ಕಡಿದ ಶಬ್ದಕ್ಕೆ ಪೊರ್ಬುಗಳು ಬೆಚ್ಚಿಬಿದ್ದರು. ಬೆಚ್ಚಗಿದ್ದ ತುಂಡನ್ನು ಕೈಯಲ್ಲಿ ಹಿಡಿದು, ತೆಳ್ಳಗಾದ ಜಾಗವನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಸವರಿದರು. "ಮಾಷ್ಟ್ರೇ, ಅದು ಹೀಗೆ ಒಡೆಯಲಿಲ್ಲ" ಎಂದರು. ಯಾವುದು ಎಂದು ಕೇಳಿದೆ. ಅವರು ಹೊರಗೆ ಬಂದು ಮುರಕಲ್ಲಿನ ಒಂದು ಕಟ್ಟೆಯ ಮೇಲೆ ಕುಳಿತರು.

ಅಲ್ಲಿ ಕುಳಿತು ಹೇಳಿದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಅವರ ಮಾತಿನ ಸೊಗಸು ಕನ್ನಡಕ್ಕೆ ಇಳಿಯುವುದಿಲ್ಲ, ಸಾರಾಂಶ ಮಾತ್ರ ಬರೆಯುತ್ತೇನೆ. ಬೊಂಬಾಯಿಯಲ್ಲಿ ಅವರು ಸಿಲಿಂಡರಿಗೆ ಗ್ಯಾಸು ತುಂಬುವ ಒಂದು ಕಂಪೆನಿಯಲ್ಲಿದ್ದರು. ಖಾಲಿಯಾಗಿ ಬಂದ ಸಿಲಿಂಡರನ್ನು ಮತ್ತೆ ತುಂಬಬಹುದೋ ಬಾರದೋ ಎಂದು ಹೇಳುವುದು ಅವರ ಕೆಲಸ. ಮೊದಲು ಸಣ್ಣ ಸುತ್ತಿಗೆಯಿಂದ ಬಡಿದು ಕೇಳಬೇಕು. ಒಳ್ಳೆಯದಾದರೆ ಗಂಟೆಯ ಹಾಗೆ ಕೂಗುತ್ತದೆ, ಕೆಟ್ಟದ್ದಾದರೆ ಒಡಕು ಮಡಕೆಯ ಹಾಗೆ ಸಪ್ಪೆ. ಆಮೇಲೆ ಒಳಗೆ ನೀರು ತುಂಬಿ ಪಂಪಿನಿಂದ ಒತ್ತಡ ಕೊಡಬೇಕು, ಗ್ಯಾಸಿಗಿಂತಲೂ ಹೆಚ್ಚಿನ ಒತ್ತಡ. ಅದಕ್ಕೂ ಜಗ್ಗದಿದ್ದರೆ ಕುತ್ತಿಗೆಯ ಹತ್ತಿರ ಮುದ್ರೆ. ಆ ಕಂಪೆನಿಗೆ ತಮ್ಮ ತಂಗಿಯ ಗಂಡನನ್ನು ಸೇರಿಸಿದವರೂ ಅವರೇ. ಕಾರ್ಕಳದ ಹುಡುಗ, ಗ್ಯಾಸು ತುಂಬುವ ಕಡೆ ಕೆಲಸ. ಒಂದು ದಿನ ಪೊರ್ಬುಗಳು ಮುದ್ರೆ ಹಾಕಿದ ಒಂದು ಹೈಡ್ರೋಜನ್ ಸಿಲಿಂಡರು, ತುಂಬಿಸಿ ಗೋಡೆಗೆ ಒರಗಿಸಿಟ್ಟದ್ದು, ಯಾರೂ ಮುಟ್ಟದೆ ತಾನಾಗಿ ಒಡೆಯಿತು. ಸಿಡಿದ ತುಂಡು ತಾಗಿ ಭಾವ ಅಲ್ಲೇ ಹೋದ.

"ಉಬ್ಬಲಿಲ್ಲ, ಹಿಗ್ಗಲಿಲ್ಲ. ಮಣ್ಣಿನ ಮಡಕೆ ಒಡೆದ ಹಾಗೆ ಒಡೆದಿತ್ತು. ನನ್ನ ಕಿವಿಗೆ ಮಾತ್ರ ಅದು ಒಳ್ಳೆಯದು ಅಂತ ಕೇಳಿಸಿತ್ತು" ಎಂದರು.

ಕಂಪೆನಿಯವರು ಪರೀಕ್ಷೆ ಮಾಡಿದವನ ಅಜಾಗ್ರತೆ ಎಂದು ಷರಾ ಬರೆದು ಕೈತೊಳೆದುಕೊಂಡರು. ಇವರೂ ಅದನ್ನೇ ನಂಬಿದರು. ತಂಗಿ ಒಂದು ಸಣ್ಣ ಹೆಣ್ಣುಮಗುವನ್ನು ಕಟ್ಟಿಕೊಂಡು ಕಾರ್ಕಳದ ಗಂಡನ ಮನೆಯಲ್ಲಿ ಉಳಿದಳು. ಇವರು ಕಾಪುವಿಗೆ ಬಂದರು. ಕಾಪುವಿನಿಂದ ಶಿರ್ವ, ಬೆಳ್ಮಣ್ಣು ದಾಟಿದರೆ ಕಾರ್ಕಳ, ಒಂದು ಬಸ್ಸಿನ ದಾರಿ. ಆ ಬಸ್ಸನ್ನು ಅವರು ಒಮ್ಮೆಯೂ ಹತ್ತಿರಲಿಲ್ಲ. ಯಾವ ಮುಖ ಹೊತ್ತುಕೊಂಡು ಹೋಗಲಿ ಎಂದು ನನ್ನನ್ನೇ ಕೇಳಿದರು.

ಒಳ್ಳೆಯ ಉಕ್ಕು ಮಡಕೆಯ ಹಾಗೆ ಒಡೆಯುವುದು ಎಂದರೇನು? ನನ್ನ ತಲೆಯೊಳಗೆ ಹೊಕ್ಕ ಆ ಹುಳ ಹೊರಗೆ ಬರಲಿಲ್ಲ. ಕಾಲೇಜಿನ ಪುಸ್ತಕ ಭಂಡಾರದಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ಕೆದಕಿದೆ. ಕೊನೆಗೂ ಸಿಕ್ಕಿತು. ಹೈಡ್ರೋಜನ್ ಎಂದರೆ ಎಲ್ಲಕ್ಕಿಂತ ಚಿಕ್ಕದು. ಒತ್ತಿ ತುಂಬಿದಾಗ ಅದರ ಕಣಗಳು ಸಿಲಿಂಡರಿನ ಗೋಡೆಯ ಮೈಯಲ್ಲಿ ಬಿಡಿಬಿಡಿಯಾಗಿ ಉಕ್ಕಿನ ಒಳಕ್ಕೇ ನುಸುಳುತ್ತವೆ. ಎಲ್ಲಿ ಕೂದಲೆಳೆಯಷ್ಟು ಗೀರು ಇದೆಯೋ ಅಲ್ಲಿ ಹೋಗಿ ಸೇರುತ್ತವೆ. ಆ ಜಾಗದಲ್ಲಿ ಉಕ್ಕಿಗೆ ಬಾಗುವ, ಹಿಗ್ಗುವ ಗುಣ ಹೋಗಿಬಿಡುತ್ತದೆ. ಗೀರು ದಿನದಿಂದ ದಿನಕ್ಕೆ ಒಳಗೊಳಗೇ ಬೆಳೆಯುತ್ತದೆ. ಪರೀಕ್ಷೆಯ ದಿನ ನೀರಿನ ಒತ್ತಡಕ್ಕೆ ಗಟ್ಟಿಯಾಗಿ ನಿಂತದ್ದು, ಆಮೇಲೆ ಒಂದು ದಿನ ಅದಕ್ಕಿಂತ ಕಡಿಮೆ ಒತ್ತಡಕ್ಕೆ ಸುಮ್ಮನೆ ನಿಂತಲ್ಲೇ ಒಡೆಯಬಹುದು. ಇನ್ನೂ ವಿಚಿತ್ರವೆಂದರೆ ಉಕ್ಕು ಗಡುಸಾದಷ್ಟೂ ಈ ರೋಗ ಬೇಗ.

ಓದಿ ಮುಗಿಸಿದವನು ಊಟವನ್ನೂ ಮಾಡದೆ ಕಾಪುವಿನ ಬಸ್ಸು ಹಿಡಿದೆ. ಪೊರ್ಬುಗಳು ಜಗಲಿಯಲ್ಲಿ ಗಾಳದ ದಾರಕ್ಕೆ ಗಂಟು ಹಾಕುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಡುಸಾದಷ್ಟೂ ಬೇಗವಾ?" ಹೌದು ಎಂದೆ. ಆ ವರ್ಷ ಕಂಪೆನಿಯವರು ಹೊರಲು ಹಗುರವಾಗಲೆಂದು ಹೊಸ ಮಾಲು ತರಿಸಿದ್ದರಂತೆ. ಗೋಡೆ ತೆಳು, ಉಕ್ಕು ಗಡುಸು. ಬಡಿದರೆ ಹಳೆಯದಕ್ಕಿಂತ ಎಷ್ಟೋ ಇಂಪಾಗಿ ಕೂಗುತ್ತಿತ್ತಂತೆ. "ಆ ಸ್ವರ ನನಗೆ ಇಷ್ಟ ಇತ್ತು ಮಾಷ್ಟ್ರೇ, ಬೇಡದಿದ್ದರೂ ಇನ್ನೊಮ್ಮೆ ಬಡಿಯುತ್ತಿದ್ದೆ" ಎಂದರು.

"ಹಾಗಾದರೆ ಅದು ನನ್ನ ತಪ್ಪಲ್ಲ."

"ಅಲ್ಲವೇ ಅಲ್ಲ. ಬ್ರಹ್ಮ ಬಂದು ಬಡಿದರೂ ಆ ಬಿರುಕು ಕಿವಿಗೆ ಸಿಗುವುದಿಲ್ಲ" ಎಂದೆ ನಾನು, ಗೆದ್ದವನ ಹಾಗೆ.

ಅವರ ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅರಳಲಿಲ್ಲ. ದಾರ ಕೆಳಗಿಟ್ಟರು. ಆಮೇಲೆ ಕೇಳಿದರು: "ತಪ್ಪು ನನ್ನದಲ್ಲ ಅಂತಾದರೆ, ಇಷ್ಟು ವರ್ಷ ಅವಳ ಮನೆಗೆ ನಾನು ಯಾಕೆ ಹೋಗಲಿಲ್ಲ?"

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು. ಒಂದು ಹೊರೆ ಇಳಿಸಲು ಹೋಗಿ ಇನ್ನೊಂದನ್ನು ಹೊರಿಸಿ ಬಂದೆ. ಈಗಲಾದರೂ ಹೋಗಿ ಎಂದೆ. ಅವರು ಇಲ್ಲವೆಂದು ತಲೆಯಾಡಿಸಿದರು. ಅವಳಿಗೆ ನಾನು ಬರುವುದು ಬೇಡ, ಪ್ರತಿ ವರ್ಷ ತೆನೆ ಕಳಿಸಿ ಅದನ್ನೇ ಹೇಳುತ್ತಾಳೆ ಎಂದರು.

ತೆನೆಯ ವಿಷಯ ಇಷ್ಟು. ಸೆಪ್ಟೆಂಬರಿನಲ್ಲಿ ಕ್ರೈಸ್ತರಿಗೆ ಮೊಂತಿ ಹಬ್ಬ, ನಮ್ಮಲ್ಲಿ ಹೊಸ ಅಕ್ಕಿಯೂಟ ಇದ್ದ ಹಾಗೆ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆಯನ್ನು ಮಂತ್ರಿಸಿ ಮನೆಮನೆಗೆ ಕೊಡುತ್ತಾರೆ. ಆ ಕಾಳನ್ನು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಸೇವಿಸುತ್ತಾರೆ. ಬರಲಾಗದ ದೂರದಲ್ಲಿದ್ದವರಿಗೆ, ಬೊಂಬಾಯಿಗೆ, ಆಫ್ರಿಕಾಕ್ಕೆ ಹೋದವರಿಗೆ, ನಾಲ್ಕು ಕಾಳನ್ನು ಅಂಚೆಯಲ್ಲಿ ಕಳಿಸುವುದು ಕ್ರಮ. ಕಾರ್ಕಳದ ಬಾಯಮ್ಮ ಪ್ರತಿ ವರ್ಷ ಹಬ್ಬದ ಮರುದಿನ ಒಂದು ಕಾಗದದ ಪೊಟ್ಟಣದಲ್ಲಿ ತೆನೆ ಕಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಣ್ಣನಿಗೆ ಕಳಿಸುತ್ತಿದ್ದರು. ಅದನ್ನು ತೆಗೆದುಕೊಳ್ಳಲಿಕ್ಕೆ ಪೊರ್ಬುಗಳು ಕಾಪುವಿನ ಪೇಟೆಗೆ ಹೋಗುವುದನ್ನು ನಾನೇ ನೋಡಿದ್ದೆ. ದೂರದವರಿಗೆ ಕಳಿಸುವ ತೆನೆಯನ್ನು ಒಂದು ಬಸ್ಸಿನ ದಾರಿಯಲ್ಲಿದ್ದ ನನಗೆ ಕಳಿಸಿದರೆ ಅರ್ಥ ಎಂತ, ಅಲ್ಲೇ ಇರು ಎಂದಲ್ಲವಾ ಎಂಬುದು ಅವರ ವಾದ. ಎಷ್ಟು ಹೇಳಿದರೂ ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ.

ನನಗೆ ತಡೆಯಲಾಗಲಿಲ್ಲ. ಮುಂದಿನ ಭಾನುವಾರ ನಾನೇ ಕಾರ್ಕಳಕ್ಕೆ ಹೋದೆ. ಬಾಯಮ್ಮ ಅಂಗಳದಲ್ಲಿ ಹುರುಳಿ ಒಣಗಿಸುತ್ತಿದ್ದರು. ಯಾರು, ಎಲ್ಲಿಂದ ಎಂದು ತಿಳಿದದ್ದೇ ತಡ, "ಅಣ್ಣನಿಗೆ ಹುಷಾರಿಲ್ಲವಾ?" ಎಂದು ಎದ್ದು ನಿಂತರು. ಹುಷಾರಿದ್ದಾರೆ ಎಂದು ಹೇಳಿ, ಹೈಡ್ರೋಜನ್ನು, ಉಕ್ಕು, ಗೀರು ಎಂದು ಕಾಲೇಜಿನಲ್ಲಿ ಹೇಳುವ ಹಾಗೆ ಶುರು ಮಾಡಿದೆ. ಅವರು ಸ್ವಲ್ಪ ಹೊತ್ತು ಕೇಳಿ ಕೈ ಎತ್ತಿದರು.

"ಅದೆಲ್ಲ ನನಗೆ ಎಂತ ಗೊತ್ತಾಗುತ್ತದೆ? ಅವನ ತಪ್ಪು ಅಂತ ನಾನು ಯಾವತ್ತು ಹೇಳಿದ್ದೇನೆ? ಅವನು ಯಾಕೆ ಬರುವುದಿಲ್ಲ, ಅದನ್ನು ಹೇಳಿ."

ತೆನೆಯ ವಿಷಯ ಹೇಳಿದೆ. ಬಾಯಮ್ಮ ಹುರುಳಿಯ ಹತ್ತಿರ ಹಾಗೇ ಕುಳಿತುಬಿಟ್ಟರು. "ದೇವರೇ... ಮೊದಲ ವರ್ಷ ಎಲೆ ಹಾಕಿ ಸಂಜೆಯವರೆಗೆ ಕಾದಿದ್ದೇನೆ. ಬಾರದವನಿಗೆ ಇಷ್ಟಾದರೂ ಸಿಗಲಿ ಅಂತ ಕಳಿಸಿದ್ದಲ್ಲವಾ ಅದು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ ಸಿಟ್ಟು ಬಂತು, ನನಗಿಂತ ಹೆಚ್ಚಿನ ಸಿಟ್ಟು. "ಈ ವರ್ಷ ಕಳಿಸುವುದಿಲ್ಲ ಅಂತ ಹೇಳಿ ಅವನಿಗೆ. ಬೇಕಾದರೆ ಬಂದು ತಿನ್ನಲಿ."

ಆ ವರ್ಷ ಪೊರ್ಬುಗಳು ಹೋದರು. ಬೊಂಬಾಯಿಯ ಕೋಟನ್ನು ಅಮ್ಮ ಬಿಸಿಲಿಗೆ ಹಾಕಿ ಕೊಟ್ಟಿದ್ದರು. ಮಳೆ ಹನಿಯುತ್ತಿತ್ತು. ಬಸ್ಸು ಹೊರಟ ಮೇಲೂ ನಾನು ಕೊಡೆ ಹಿಡಿದುಕೊಂಡು ಪೇಟೆಯಲ್ಲಿ ನಿಂತೇ ಇದ್ದೆ. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಸಂಜೆಯಾಗುವ ಮೊದಲೇ ಅವರು ಹಿಂದೆ ಬಂದರು. ಪಾಗಾರ ಹಾರಿ ಓಡಿದೆ. ಕೋಟು ತೆಗೆಯದೆ ಜಗಲಿಯಲ್ಲಿ ಕುಳಿತಿದ್ದರು. ಊಟ ಆಯಿತಾ ಎಂದೆ. ಆಯಿತು ಎಂದರು. ಬಾಯಮ್ಮ ಏನು ಹೇಳಿದರು ಎಂದೆ. ಚೆನ್ನಾಗಿದ್ದೀಯಾ ಅಂತ ಕೇಳಿದಳು, ಇನ್ನು ಸ್ವಲ್ಪ ಬಡಿಸಲಾ ಅಂತ ಕೇಳಿದಳು ಎಂದರು. ಆಮೇಲೆ, "ನನಗೆ ಕುರ್ಚಿ ಹಾಕಿದಳು ಮಾಷ್ಟ್ರೇ" ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಹಬ್ಬದ ಊಟ ಎಂದರೆ ಮನೆಯವರೆಲ್ಲ ಕೆಳಗೆ ಸಾಲಾಗಿ ಕುಳಿತು ಬಾಳೆ ಎಲೆಯಲ್ಲಿ ಮಾಡುವುದು. ತಂಗಿ, ಅವಳ ಮಗಳು, ಗಂಡನ ಕಡೆಯವರು ಎಲ್ಲ ಕೆಳಗೆ ಕುಳಿತಿದ್ದರಂತೆ. ಇವರಿಗೆ ಮಾತ್ರ ಮೇಜು, ಕುರ್ಚಿ, ಪಿಂಗಾಣಿ ತಟ್ಟೆ. ಪಾದ್ರಿಗಳು ಮನೆಗೆ ಬಂದರೆ ಹಾಕುವ ಹಾಗೆ, ಪರವೂರಿನವರಿಗೆ ಹಾಕುವ ಹಾಗೆ. ಇಷ್ಟು ಹೇಳಿ ಒಳಗೆ ಹೋದರು. ಆ ಸಂಜೆ ಪ್ರಾರ್ಥನೆಯ ಎರಡೂ ಅರ್ಧ ಮೆಲ್ಲಗೇ ಕೇಳಿಸಿತು.

ಆಮೇಲಿನ ವರ್ಷಗಳಲ್ಲೂ ಅವರು ಹಬ್ಬಕ್ಕೆ ಹೋದರು. ಪ್ರತಿ ಸಲವೂ ಕುರ್ಚಿ. ಪ್ರತಿ ಸಲವೂ ಉಂಡು, ಸಂಜೆಗೆ ಮೊದಲೇ ಬಸ್ಸು. ನಾನು ಕೇಳುವುದನ್ನು ಬಿಟ್ಟೆ. ನನ್ನ ಅವಸರದ ಬುದ್ಧಿಯಿಂದ ಒಮ್ಮೆ ಆದ ಉಪಕಾರ ಸಾಕು ಎಂದುಕೊಂಡೆ. ಅವರು ದಿನೇ ದಿನೇ ಇಳಿಯುತ್ತ ಬಂದರು. ಪಾತ್ರೆ ಬಡಿದು ನೋಡುವ ಚಾಳಿಯೂ ತಪ್ಪಿತು. ಅಮ್ಮ ಹೊಸ ತಪ್ಪಲೆಯನ್ನು ಬೇಕೆಂದೇ ಮುಂದೆ ಹಿಡಿದರೂ "ಒಳ್ಳೆಯದುಂಟು" ಎಂದು ಮುಟ್ಟದೆ ಹೇಳುತ್ತಿದ್ದರು. ಅರವತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಬೆಳಿಗ್ಗೆ ಅವರ ಒಲೆಯ ಹೊಗೆ ಕಾಣಲಿಲ್ಲ ಎಂದು ಅಮ್ಮ ನನ್ನನ್ನು ಎಬ್ಬಿಸಿದರು.

ಮಧ್ಯಾಹ್ನದ ಬಸ್ಸಿಗೆ ಬಾಯಮ್ಮ ಬಂದರು. ಅಣ್ಣನ ಮನೆಗೆ ಅದೇ ಮೊದಲ ಸಲ ಬಂದದ್ದು. ನೀರು ಎಲ್ಲಿದೆ, ಬಟ್ಟೆ ಎಲ್ಲಿದೆ ಎಂದು ನಮ್ಮ ಅಮ್ಮನನ್ನು ಕೇಳಬೇಕಾಯಿತು. ಜನ ಸೇರಿದ್ದರು. ದಣಿದು ಬಂದಿದ್ದಾರೆಂದು ನಾನು ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟೆ. ಅವರು ತಿರುಗಿ ಆ ಕುರ್ಚಿಯನ್ನು ನೋಡಿದರು. ಕೂರಲಿಲ್ಲ. ಅಣ್ಣನ ತಲೆಯ ಹತ್ತಿರ ನೆಲದ ಮೇಲೆ ಕುಳಿತರು.

"ಬೊಂಬಾಯಿಯಲ್ಲಿದ್ದವನು, ವಯಸ್ಸಾಗಿದೆ, ಕೆಳಗೆ ಕೂರಲಿಕ್ಕೆ ಆಗಲಿಕ್ಕಿಲ್ಲ ಅಂತ ಕುರ್ಚಿ ಹಾಕಿದ್ದು ನಾನು. ನಿಮ್ಮೊಟ್ಟಿಗೆ ಕೆಳಗೆ ಕೂರುತ್ತೇನೆ ಅಂತ ಅವನು ಒಂದು ಸಲ ಹೇಳುತ್ತಾನಾ ಅಂತ ಪ್ರತಿ ವರ್ಷ ಕಾದೆ. ಒಂದು ಸಲವೂ ಹೇಳಲಿಲ್ಲ" ಎಂದರು. ನನಗೆ ಹೇಳಿದ್ದೋ, ಅಣ್ಣನಿಗೆ ಹೇಳಿದ್ದೋ ತಿಳಿಯಲಿಲ್ಲ.

ಆ ಕುರ್ಚಿಯನ್ನು ಅಣ್ಣ ಹೇಗೆ ಅರ್ಥ ಮಾಡಿಕೊಂಡಿದ್ದರು ಎಂದು ಆ ದಿನ ನಾನು ಬಾಯಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವರಿಗೂ ಒಂದು ಹೊಸ ಹೊರೆ ಆಗುತ್ತಿತ್ತು, ಅಷ್ಟೇ.

ಈಗ ಬಾಯಮ್ಮನೂ ಇಲ್ಲ, ಪೊರ್ಬುಗಳ ಮನೆಯೂ ಇಲ್ಲ; ರಸ್ತೆ ಅಗಲವಾಗುವಾಗ ಜಗಲಿ, ಪಾಗಾರ ಎಲ್ಲ ಹೋಯಿತು. ನಿವೃತ್ತನಾಗುವವರೆಗೆ ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಆ ಪಾಠ ಹೇಳಿದೆ, ಹೈಡ್ರೋಜನ್ ಉಕ್ಕನ್ನು ಹೇಗೆ ಒಳಗಿನಿಂದ ಕೆಡಿಸುತ್ತದೆ ಎಂದು. ಅಣ್ಣ ತಂಗಿಯ ಕತೆಯನ್ನು ಅದಕ್ಕೆ ಜೋಡಿಸಿ ಹೇಳಿದರೆ ಮಕ್ಕಳ ಮನಸ್ಸಿಗೆ ನಾಟುತ್ತಿತ್ತೋ ಏನೋ. ನನಗೆ ಮನಸ್ಸು ಬರಲಿಲ್ಲ. ಉಕ್ಕಿಗೆ ಬಾಯಿ ಇಲ್ಲ, ಅದು ಹೇಳದೆ ಒಡೆಯಿತು, ಅದನ್ನು ಕ್ಷಮಿಸಬಹುದು. ಈ ಇಬ್ಬರಿಗೂ ಬಾಯಿ ಇತ್ತಲ್ಲ... ಅವರ ನೆನಪಾದಾಗ ನನಗೆ ಮೊದಲು ಬರುವುದು ಅಳು ಅಲ್ಲ, ಸಿಟ್ಟು. ಎದುರಿಗಿದ್ದರೆ ಇಬ್ಬರನ್ನೂ ಕೂರಿಸಿ ಬೈಯುತ್ತಿದ್ದೆ ಎಂದುಕೊಳ್ಳುತ್ತೇನೆ. ಆ ಸಿಟ್ಟು ಇಳಿದ ಮೇಲೆ, ಬೈಯಲಿಕ್ಕೆ ಯಾರೂ ಉಳಿದಿಲ್ಲ ಎನ್ನುವುದು ಗೊತ್ತಾಗುತ್ತದೆ.